ಬೆಳೆಯುವ ಉದ್ಯಮಕ್ಕೆ ಎಂಥ ಹಣ?



ಈ ಉಪನ್ಯಾಸ ನಡೆಸುವ ದತ್ತಿಯ ಹಣಕ್ಕೆ ಒಂದು ಕಟ್ಟಳೆಯಿದೆ. ಅಸಲನ್ನು ಮುಟ್ಟುವಂತಿಲ್ಲ, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಉಪನ್ಯಾಸ ನಡೆಯಬೇಕು. ಕೊಟ್ಟವರು ಹಣದ ಜೊತೆಗೆ ಅದರ ಉದ್ದೇಶವನ್ನೂ ಬರೆದುಕೊಟ್ಟಿದ್ದಾರೆ. ಉದ್ಯಮಕ್ಕೆ ಬರುವ ಹಣವೂ ಹೀಗೆಯೇ. ಬ್ಯಾಂಕಿನ ಸಾಲದ ಜೊತೆ ಕಂತಿನ ತಾರೀಖು ಬರುತ್ತದೆ. ಸಾಹಸ ಬಂಡವಾಳದ (ವೆಂಚರ್ ಕ್ಯಾಪಿಟಲ್) ಜೊತೆ, ಹೂಡಿದವರು ಇಂಥ ವರ್ಷದೊಳಗೆ ಪಾಲು ಮಾರಿ ಹೊರಹೋಗಬೇಕೆಂಬ ಗಡುವು ಬರುತ್ತದೆ. ಸರ್ಕಾರದ ಅನುದಾನದ ಜೊತೆ ಬಳಕೆ ಪ್ರಮಾಣಪತ್ರ ಬರುತ್ತದೆ. ಸೋದರಮಾವ ಕೊಟ್ಟ ಕೈಸಾಲದ ಜೊತೆಗೂ ಯಾರೂ ಬಾಯಿಬಿಟ್ಟು ಹೇಳದ ನಿರೀಕ್ಷೆ ಬಂದೇ ಬರುತ್ತದೆ.

ಇಂದು ನಾನು ಹೇಳಬೇಕಾದ ತಿರುಳು ಇದು: ವೇಗವಾಗಿ ಬೆಳೆಯುವ ಉದ್ಯಮದ ಹಣೆಬರಹವನ್ನು ಹಣದ ಮೊತ್ತಕ್ಕಿಂತ ಆ ಹಣದ ಕಟ್ಟಳೆ ಹೆಚ್ಚಾಗಿ ಬರೆಯುತ್ತದೆ. ಉದ್ಯಮದ ನಡೆಗೂ ಹಣದ ಕಟ್ಟಳೆಗೂ ಹೊಂದಿಕೆಯಾದರೆ ಸಣ್ಣ ಮೊತ್ತವೂ ದೊಡ್ಡ ಕೆಲಸ ಮಾಡುತ್ತದೆ. ಹೊಂದಿಕೆ ತಪ್ಪಿದರೆ ಸಾವಿರಾರು ಕೋಟಿ ಸುರಿದರೂ ಉದ್ಯಮ ಉಳಿಯುವುದಿಲ್ಲ.

ಉದ್ಯಮಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ಹೊಸದಾಗಿ ಉದ್ಯಮ ಕಟ್ಟಿದ ತರುಣ ತರುಣಿಯರು ಬಂದು ಕೂತ ಕೂಡಲೇ ಕೇಳುವ ಪ್ರಶ್ನೆ, "ಯಾವ ಇನ್ವೆಸ್ಟರ್ ಹತ್ತಿರ ಹೋಗಲಿ ಸಾರ್?" ಅದಕ್ಕೆ ಉತ್ತರ ಹೇಳುವ ಮೊದಲು, ಅವರ ವ್ಯವಹಾರದಲ್ಲಿ ಹಣ ಎಲ್ಲಿ ಹೋಗಿ ಸಿಕ್ಕಿಕೊಳ್ಳುತ್ತಿದೆ ಎಂಬುದನ್ನು ನೋಡಬೇಕಾಗುತ್ತದೆ. ನಾವೂ ಅಲ್ಲಿಂದಲೇ ಆರಂಭಿಸೋಣ.

ಲಾಭವಿದ್ದರೂ ಹಣವಿಲ್ಲ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪ್‌ಸೆಟ್‌ಗಳ ನಿಯಂತ್ರಣ ಪೆಟ್ಟಿಗೆ ತಯಾರಿಸುವ ಒಂದು ಸಣ್ಣ ಕಾರ್ಖಾನೆಯನ್ನು ಊಹಿಸಿಕೊಳ್ಳಿ. ತಿಂಗಳಿಗೆ 10 ಲಕ್ಷ ರೂಪಾಯಿಯ ಮಾರಾಟ. ಖರ್ಚು 9 ಲಕ್ಷ, ಲಾಭ 1 ಲಕ್ಷ. ತಾಮ್ರದ ತಂತಿ, ತಗಡು, ಬಿಡಿಭಾಗಗಳಿಗೆ ಮೊದಲೇ ದುಡ್ಡು ಕೊಡಬೇಕು. ಮಾಲು ತಯಾರಾಗಲು ಒಂದು ತಿಂಗಳು ಬೇಕು. ಕೊಂಡ ದೊಡ್ಡ ಕಂಪನಿ ಬಿಲ್ಲು ಪಾವತಿಸುವುದು ಮೂರು ತಿಂಗಳಿಗೆ. ಅಂದರೆ ಯಾವಾಗ ನೋಡಿದರೂ ನಾಲ್ಕು ತಿಂಗಳ ಖರ್ಚು, 36 ಲಕ್ಷ ರೂಪಾಯಿ, ಕಾರ್ಖಾನೆಯ ಕಪಾಟಿನಲ್ಲೋ ಗಿರಾಕಿಯ ಪುಸ್ತಕದಲ್ಲೋ ಕೂತಿರುತ್ತದೆ.

ಈಗ ಒಳ್ಳೆಯ ಸುದ್ದಿ ಬಂತೆನ್ನಿ. ಬೇಡಿಕೆ ಎರಡು ಪಟ್ಟಾಯಿತು. ತಿಂಗಳ ಮಾರಾಟ 20 ಲಕ್ಷ. ಸಿಕ್ಕಿಕೊಂಡ ಹಣ 72 ಲಕ್ಷಕ್ಕೆ ಏರಿತು. ಹೊಸದಾಗಿ ಬೇಕಾದ 36 ಲಕ್ಷ ಎಲ್ಲಿಂದ ಬರಬೇಕು? ಹಳೆಯ ಪ್ರಮಾಣದಲ್ಲಿ ವರ್ಷವಿಡೀ ದುಡಿದರೆ ಕೈಗೆ ಬರುವ ಲಾಭ 12 ಲಕ್ಷ. ಒಂದು ವರ್ಷದ ಬೆಳವಣಿಗೆ ಮೂರು ವರ್ಷದ ಲಾಭವನ್ನು ನುಂಗುತ್ತದೆ. ಲೆಕ್ಕಪುಸ್ತಕದಲ್ಲಿ ಲಾಭ ಕಾಣುತ್ತಿರುತ್ತದೆ, ತಿಂಗಳ ಕೊನೆಗೆ ಸಂಬಳಕ್ಕೆ ದುಡ್ಡಿರುವುದಿಲ್ಲ. ಎಷ್ಟೋ ಉದ್ಯಮಗಳು ಮುಚ್ಚುವುದು ವ್ಯಾಪಾರವಿಲ್ಲದೆ ಅಲ್ಲ, ಹೀಗೆ ವ್ಯಾಪಾರ ಹೆಚ್ಚಿದ ವರ್ಷದಲ್ಲಿ.

ಇದು ಹಣದ ಮೊದಲ ಬಗೆಯ ಕೊರತೆ: ದುಡಿಯುವ ಬಂಡವಾಳದ ಕೊರತೆ. ಇಲ್ಲಿ ಅಪಾಯ ಕಡಿಮೆ. ಮಾಲು ಮಾರಾಟವಾಗಿದೆ, ಹಣ ಬರುವುದಿದೆ, ತಡವಾಗುತ್ತಿದೆ, ಅಷ್ಟೆ. ಎರಡನೆಯ ಬಗೆಯ ಕೊರತೆ ಬೇರೆಯೇ. ಹೊಸ ಔಷಧಿಯೊಂದನ್ನು ಕಂಡುಹಿಡಿಯುವವರಿಗೆ ಹತ್ತು ವರ್ಷ ಆದಾಯವೇ ಇರುವುದಿಲ್ಲ. ಚಿಪ್ ವಿನ್ಯಾಸ ಮಾಡುವವರು ಮೊದಲ ಮಾದರಿ ಕೈಗೆ ಬರುವವರೆಗೆ ಒಂದೇ ಸಮನೆ ಖರ್ಚು ಮಾಡುತ್ತಾರೆ. ಗೆದ್ದರೆ ದೊಡ್ಡ ಗೆಲುವು. ಸೋತರೆ ಏನೂ ಉಳಿಯುವುದಿಲ್ಲ. ಈ ಎರಡು ಕೊರತೆಗಳಿಗೆ ಒಂದೇ ಔಷಧಿ ಇಲ್ಲ. ನಮ್ಮ ಪತ್ರಿಕೆಗಳೂ ಉತ್ಸಾಹಿ ಭಾಷಣಕಾರರೂ ಎರಡನ್ನೂ ಸೇರಿಸಿ 'ಫಂಡಿಂಗ್' ಎಂದು ಕರೆಯುವುದರಿಂದ ಗೊಂದಲ ಹುಟ್ಟುತ್ತದೆ.

ಬ್ಯಾಂಕು ಏಕೆ ಹಿಂಜರಿಯುತ್ತದೆ

1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಆರಂಭಿಸಿದರು. ಆಗ ಅವರಿಗೆ 25 ವರ್ಷ. ಪಪ್ಪಾಯಿಯಿಂದ ಪಪೈನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಐಸಿಂಗ್ಲಾಸ್ ತೆಗೆಯುವ ಉದ್ಯಮ. ಸಾಲ ಕೊಡಲು ಬ್ಯಾಂಕುಗಳು ಹಿಂದೆಗೆದವು. ಜೈವಿಕ ತಂತ್ರಜ್ಞಾನ ಹೊಸದು, ಅಡಮಾನಕ್ಕೆ ಆಸ್ತಿಯಿಲ್ಲ, ಕೇಳುತ್ತಿರುವವಳು ಎಳೆಯ ಹೆಣ್ಣುಮಗಳು. ಕೊನೆಯ ಕಾರಣ ಅನ್ಯಾಯದ್ದು, ಅದಕ್ಕೆ ಸಮರ್ಥನೆಯಿಲ್ಲ. ಆದರೆ ಮೊದಲ ಎರಡರ ಹಿಂದೆ ಬ್ಯಾಂಕಿನ ಒಳಗಿನ ಲೆಕ್ಕವಿದೆ, ಅದನ್ನು ಉದ್ಯಮಿ ತಿಳಿದುಕೊಳ್ಳಬೇಕು.

ಬ್ಯಾಂಕು ಸಾಲ ಕೊಡುವುದು ಠೇವಣಿದಾರರ ದುಡ್ಡನ್ನು. ಠೇವಣಿಗೆ ಕೊಡುವ ಬಡ್ಡಿಗೂ ಸಾಲದ ಬಡ್ಡಿಗೂ ನಡುವೆ ಉಳಿಯುವುದು 100 ರೂಪಾಯಿಗೆ ಸುಮಾರು 3 ರೂಪಾಯಿ ಎಂದಿಟ್ಟುಕೊಳ್ಳಿ. 100 ರೂಪಾಯಿಯ ಒಂದು ಸಾಲ ಪೂರ್ತಿ ಮುಳುಗಿದರೆ, ಸರಿಯಾಗಿ ತೀರಿದ 33 ಸಾಲಗಳ ಗಳಿಕೆ ಅದಕ್ಕೇ ಹೋಗುತ್ತದೆ. ಅದೇ ಹೊತ್ತಿಗೆ, ಸಾಲ ಪಡೆದ ಉದ್ಯಮ ನೂರು ಪಟ್ಟು ಬೆಳೆದರೂ ಬ್ಯಾಂಕಿಗೆ ಸಿಗುವುದು ಅದೇ ಬಡ್ಡಿ. ಸೋಲಿನಲ್ಲಿ ಪೂರ್ತಿ ಪಾಲು, ಗೆಲುವಿನಲ್ಲಿ ಪಾಲಿಲ್ಲ. ಇಂಥ ಹಣವನ್ನು ಸೋಲು ಹೆಚ್ಚಾಗಿರುವ ಪ್ರಯೋಗಕ್ಕೆ ಹಾಕಿದರೆ ಠೇವಣಿ ಇಟ್ಟ ನಿವೃತ್ತ ಮೇಷ್ಟರಿಗೆ ದ್ರೋಹ ಬಗೆದಂತೆ. ಎರಡನೆಯ ಬಗೆಯ ಕೊರತೆಗೆ ಬೇರೆಯೇ ಕಟ್ಟಳೆಯ ಹಣ ಬೇಕು.

ಸಾಹಸ ಬಂಡವಾಳದ ಹುಟ್ಟು ಮತ್ತು ಅದರ ಗಣಿತ

ಅಂಥ ಹಣವನ್ನು ಸಂಸ್ಥೆಯ ರೂಪಕ್ಕೆ ತಂದವರಲ್ಲಿ ಮುಖ್ಯರು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಪ್ರಾಧ್ಯಾಪಕ ಜಾರ್ಜ್ ಡೋರಿಯೋ. 1946ರಲ್ಲಿ ಬಾಸ್ಟನ್ನಿನಲ್ಲಿ ಅವರ ಮುಂದಾಳತ್ವದಲ್ಲಿ ಅಮೆರಿಕನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಹುಟ್ಟಿತು. ಯುದ್ಧಕಾಲದಲ್ಲಿ ಪ್ರಯೋಗಾಲಯಗಳಲ್ಲಿ ಬೆಳೆದ ವಿಜ್ಞಾನವನ್ನು ಉದ್ಯಮವಾಗಿಸುವುದು ಅದರ ಗುರಿ. 1957ರಲ್ಲಿ ಅದು ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯಲ್ಲಿ 70,000 ಡಾಲರ್ ಹಾಕಿ ಬಹುಪಾಲು ಷೇರು ಪಡೆಯಿತು. ಹದಿನೈದು ವರ್ಷಗಳೊಳಗೆ ಆ ಷೇರುಗಳ ಬೆಲೆ ಹತ್ತಾರು ಕೋಟಿ ಡಾಲರ್ ಆಗಿತ್ತು. ಸಂಸ್ಥೆಯ ಒಟ್ಟು ಲಾಭದಲ್ಲಿ ಹೆಚ್ಚುಕಡಿಮೆ ಅರ್ಧ ಈ ಒಂದೇ ಹೂಡಿಕೆಯಿಂದ ಬಂತು. ಒಂದು ಗೆಲುವು ಹಲವು ಸೋಲುಗಳನ್ನು ಹೊರುತ್ತದೆ ಎಂಬ ತತ್ತ್ವ ಅಂದಿನಿಂದ ಈ ವೃತ್ತಿಯ ಬುನಾದಿಯಾಯಿತು. 1968ರಲ್ಲಿ ಹೂಡಿಕೆದಾರ ಆರ್ಥರ್ ರಾಕ್ 25 ಲಕ್ಷ ಡಾಲರ್ ಸಂಗ್ರಹಿಸಿಕೊಟ್ಟದ್ದರಿಂದ ಇಂಟೆಲ್ ಹುಟ್ಟಿತು. 1979ರಲ್ಲಿ ಪಿಂಚಣಿ ನಿಧಿಗಳೂ ಇಂಥ ಕಡೆ ಒಂದಿಷ್ಟು ಹಣ ಹೂಡಬಹುದೆಂದು ಅಮೆರಿಕದ ಕಾರ್ಮಿಕ ಇಲಾಖೆ ಸ್ಪಷ್ಟಪಡಿಸಿತು. ಸಿಲಿಕಾನ್ ವ್ಯಾಲಿಗೆ ಹಣದ ಹೊಳೆ ಹರಿದದ್ದು ಆಮೇಲೆ. ಅದರ ಹಿಂದಿದ್ದದ್ದು ಶಿಕ್ಷಕರ, ನೌಕರರ ದೀರ್ಘಾವಧಿ ಉಳಿತಾಯ ಎಂಬುದನ್ನು ನೆನಪಿಡಿ. ಈ ಮಾತಿಗೆ ಮತ್ತೆ ಬರುತ್ತೇನೆ.

ಈಗ ಒಂದು ನಿಧಿಯ ಗಣಿತ ನೋಡೋಣ. 100 ಕೋಟಿ ರೂಪಾಯಿಯ ನಿಧಿ, ಹತ್ತು ವರ್ಷದ ಆಯುಸ್ಸು. ಇದರಲ್ಲಿ ಹಣ ಹಾಕಿದವರು ಮೂರು ಪಟ್ಟು, ಅಂದರೆ 300 ಕೋಟಿ, ಹಿಂದಿರುಗಬೇಕೆಂದು ಬಯಸುತ್ತಾರೆ. ನಿಧಿ 20 ಕಂಪನಿಗಳಲ್ಲಿ ತಲಾ 5 ಕೋಟಿ ಹಾಕಿತು. ಹತ್ತು ಕಂಪನಿಗಳು ಮುಳುಗಿದವು. ಏಳು ಕಂಪನಿಗಳು ಹಾಕಿದಷ್ಟನ್ನು ವಾಪಸು ಕೊಟ್ಟವು, ಒಟ್ಟು 35 ಕೋಟಿ. ಉಳಿದ 265 ಕೋಟಿಯನ್ನು ಮೂರೇ ಕಂಪನಿಗಳು ತರಬೇಕು. ತಲಾ ಸುಮಾರು 88 ಕೋಟಿ, ಹಾಕಿದ್ದರ ಹದಿನೇಳು ಹದಿನೆಂಟು ಪಟ್ಟು. ವರ್ಷಕ್ಕೆ ಶೇಕಡಾ 2ರಂತೆ ನಿಧಿಯ ನಿರ್ವಾಹಕರು ಪಡೆಯುವ ಶುಲ್ಕ, ಲಾಭದಲ್ಲಿ ಅವರ ಶೇಕಡಾ 20ರ ಪಾಲು ಸೇರಿಸಿದರೆ ಭಾರ ಇನ್ನೂ ಹೆಚ್ಚು.

ಯಾವ ಮೂರು ಗೆಲ್ಲುತ್ತವೆ ಎಂದು ಮೊದಲೇ ತಿಳಿಯದ ಕಾರಣ, ಇಪ್ಪತ್ತೂ ಕಂಪನಿಗಳು ಹದಿನೆಂಟು ಪಟ್ಟು ಬೆಳೆಯುವ ಸಾಧ್ಯತೆ ಉಳ್ಳವೇ ಆಗಿರಬೇಕು. ಈಗ ವರ್ಷಕ್ಕೆ ಶೇಕಡಾ 25ರಷ್ಟು ಬೆಳೆಯುವ ಒಂದು ಕಂಪನಿಯನ್ನು ತೆಗೆದುಕೊಳ್ಳಿ. ಏಳು ವರ್ಷಕ್ಕೆ ಅದು ಸುಮಾರು ಐದು ಪಟ್ಟಾಗುತ್ತದೆ. ಊರಿಗೆ ಉದ್ಯೋಗ, ಮಾಲೀಕರಿಗೆ ಸಮೃದ್ಧಿ, ಸರ್ಕಾರಕ್ಕೆ ತೆರಿಗೆ ಎಲ್ಲವನ್ನೂ ಕೊಡುವ ಅತ್ಯುತ್ತಮ ಉದ್ಯಮ ಅದು. ಆದರೆ ಈ ನಿಧಿಗೆ ಅದು ಬೇಡ. ಸಾಹಸ ಬಂಡವಾಳದವರು ನಿಮ್ಮನ್ನು ತಿರಸ್ಕರಿಸಿದರೆ ನಿಮ್ಮ ಉದ್ಯಮ ಕೆಟ್ಟದ್ದು ಎಂದರ್ಥವಲ್ಲ. ಅವರ ಗಣಿತಕ್ಕೆ ನೀವು ಹೊಂದುವುದಿಲ್ಲ ಎಂದಷ್ಟೇ. ಇಂಥ ತಿರಸ್ಕಾರವನ್ನು ಮನಸ್ಸಿಗೆ ಹಚ್ಚಿಕೊಂಡು ಒಳ್ಳೆಯ ಉದ್ಯಮವನ್ನು ಕೈಬಿಟ್ಟವರನ್ನು ಕಂಡು ನನಗೆ ನಿಜಕ್ಕೂ ದುಃಖವಾಗಿದೆ.

ಬೆಂಗಳೂರಿಗೆ ಬಂದ ಬಗೆ

ನಮ್ಮಲ್ಲಿ ಸಾಹಸ ಬಂಡವಾಳ ವಿಧ್ಯುಕ್ತವಾಗಿ ಆರಂಭವಾದದ್ದು 1980ರ ದಶಕದ ಕೊನೆಯಲ್ಲಿ. 1988ರಲ್ಲಿ ಐಸಿಐಸಿಐ ಮತ್ತು ಯೂನಿಟ್ ಟ್ರಸ್ಟ್ ಜೊತೆಗೂಡಿ ಟಿಡಿಐಸಿಐ ಎಂಬ ಸಂಸ್ಥೆಯನ್ನು ಬೆಂಗಳೂರಿನಲ್ಲಿ ಕಟ್ಟಿದವು. ಬಯೋಕಾನ್‌ಗೆ ಅದರ ಮುನ್ನ, 1987ರಲ್ಲೇ, ಐಸಿಐಸಿಐ ಮುಖ್ಯಸ್ಥ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ ಎರಡೂವರೆ ಲಕ್ಷ ಡಾಲರ್ ಮೊತ್ತದ ಸಾಹಸ ಬಂಡವಾಳ ಸಿಕ್ಕಿತು. ಆ ಹಣ ಹೋದದ್ದು ಘನ ಮಾಧ್ಯಮದಲ್ಲಿ ಹುದುಗು ಬರಿಸುವ ಹೊಸ ತಂತ್ರಜ್ಞಾನದ ಘಟಕಕ್ಕೆ, ಅಂದರೆ ಬ್ಯಾಂಕು ಎಂದೂ ಹಣ ಕೊಡದ ಪ್ರಯೋಗಕ್ಕೆ. 2004ರಲ್ಲಿ ಬಯೋಕಾನ್ ಸಾರ್ವಜನಿಕ ಷೇರು ವಿತರಿಸಿದಾಗ ಬೇಡಿಕೆ 30 ಪಟ್ಟು ಮೀರಿತು. ಮೊದಲ ದಿನವೇ ಕಂಪನಿಯ ಮಾರುಕಟ್ಟೆ ಬೆಲೆ 100 ಕೋಟಿ ಡಾಲರ್ ದಾಟಿತು. ಹೊಂದಿಕೆಯಾದ ಹಣ ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ನೆಲದಲ್ಲಿಲ್ಲ.

ಇನ್ಫೋಸಿಸ್‌ನ ದಾರಿ ಬೇರೆ. 1981ರಲ್ಲಿ ಸುಧಾ ಮೂರ್ತಿ ಅವರ ಉಳಿತಾಯದ 10,000 ರೂಪಾಯಿಯಿಂದ ಆರಂಭವಾದ ಕಂಪನಿ ಹನ್ನೆರಡು ವರ್ಷ ಬಹುಮಟ್ಟಿಗೆ ಗಿರಾಕಿಗಳ ಹಣದಲ್ಲೇ ಬೆಳೆಯಿತು. 1993ರಲ್ಲಿ ತಲಾ 95 ರೂಪಾಯಿಗೆ ಷೇರು ವಿತರಿಸಿದಾಗ ಜನ ಪೂರ್ತಿ ಕೊಳ್ಳಲಿಲ್ಲ. ಮಾರ್ಗನ್ ಸ್ಟಾನ್ಲಿ ಶೇಕಡಾ 13ರಷ್ಟು ಪಾಲನ್ನು ಕೊಂಡು ಕೈಹಿಡಿಯಿತು. 1992ರವರೆಗೆ ಷೇರಿನ ಬೆಲೆಯನ್ನು ನಿಗದಿಪಡಿಸುತ್ತಿದ್ದದ್ದು ದೆಹಲಿಯ ಬಂಡವಾಳ ವಿತರಣಾ ನಿಯಂತ್ರಕರ ಕಚೇರಿ. ಆ ಕಚೇರಿ ರದ್ದಾಗಿ ಷೇರುಪೇಟೆ ನಿಯಂತ್ರಕ ಸಂಸ್ಥೆ ಸೆಬಿಗೆ ಶಾಸನಬದ್ಧ ಅಧಿಕಾರ ಬಂದ ಮೇಲೆಯೇ ಬೆಳೆಯುವ ಕಂಪನಿ ತನ್ನ ಬೆಲೆಯನ್ನು ತಾನೇ ಹೇಳುವಂತಾಯಿತು. ಸೆಬಿ 1996ರಲ್ಲಿ ಸಾಹಸ ಬಂಡವಾಳ ನಿಧಿಗಳಿಗೆ ನಿಯಮ ರೂಪಿಸಿತು. 2012ರಲ್ಲಿ ಪರ್ಯಾಯ ಹೂಡಿಕೆ ನಿಧಿಗಳ ನಿಯಮಾವಳಿ ಅದರ ಜಾಗಕ್ಕೆ ಬಂತು. ಅದೇ ವರ್ಷ ಬಂದ 'ಏಂಜೆಲ್ ತೆರಿಗೆ', ನ್ಯಾಯಬೆಲೆಗಿಂತ ಹೆಚ್ಚು ದರಕ್ಕೆ ಷೇರು ಮಾರಿದರೆ ಆ ಹೆಚ್ಚಳವನ್ನು ಕಂಪನಿಯ ಆದಾಯವೆಂದೇ ಎಣಿಸುತ್ತಿತ್ತು. ನಾಳೆಯ ಭರವಸೆಗೆ ಇಂದೇ ತೆರಿಗೆ ಹಾಕುವ ಈ ಪದ್ಧತಿಯನ್ನು 2024ರ ಜುಲೈ ಬಜೆಟ್ ಕೈಬಿಟ್ಟಿತು.

ಮೂರು ಉದ್ಯಮಗಳು, ಮೂರು ಬಗೆಯ ಹಣ

ಬೆಂಗಳೂರಿನ ಮೂರು ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ.

2007ರಲ್ಲಿ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ತಲಾ 2 ಲಕ್ಷ ರೂಪಾಯಿ ಹಾಕಿ ಕೋರಮಂಗಲದಲ್ಲಿ ಆನ್‌ಲೈನ್ ಅಂಗಡಿ ಫ್ಲಿಪ್‌ಕಾರ್ಟ್ ಆರಂಭಿಸಿದರು. 2009ರಲ್ಲಿ ಹೂಡಿಕೆ ಸಂಸ್ಥೆ ಆಕ್ಸೆಲ್ 10 ಲಕ್ಷ ಡಾಲರ್, ಮರುವರ್ಷ ಟೈಗರ್ ಗ್ಲೋಬಲ್ 1 ಕೋಟಿ ಡಾಲರ್ ಹಾಕಿದವು. ಗೋದಾಮು, ಸಾಗಣೆ, ಮನೆಬಾಗಿಲಲ್ಲಿ ಹಣ ಪಡೆಯುವ ವ್ಯವಸ್ಥೆ ಎಲ್ಲವನ್ನೂ ದೇಶದ ತುಂಬ ಮೊದಲು ಕಟ್ಟಬೇಕು. ಲಾಭದ ಮಾತು ಎಷ್ಟೋ ವರ್ಷದ ನಂತರ. ಇಂಥ ಕೆಲಸಕ್ಕೆ ಸಾಹಸ ಬಂಡವಾಳ ಬಿಟ್ಟು ಬೇರೆ ಹಣ ಒದಗುತ್ತಿರಲಿಲ್ಲ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇಕಡಾ 77ರಷ್ಟು ಪಾಲು ಪಡೆಯಿತು. ಆ ಹೊತ್ತಿಗೆ ಇಬ್ಬರು ಸ್ಥಾಪಕರ ಬಳಿ ಉಳಿದದ್ದು ತಲಾ ಶೇಕಡಾ 5ರ ಆಸುಪಾಸು. ಅವರಿಗೆ ಅಪಾರ ಸಂಪತ್ತು ಸಿಕ್ಕಿತು, ನೂರಾರು ನೌಕರರು ಷೇರುಗಳಿಂದ ಹಣ ಕಂಡು ಹೊಸ ಉದ್ಯಮ ಕಟ್ಟಿದರು. ಕಂಪನಿಯ ಒಡೆತನ ಮಾತ್ರ ಕಡಲಾಚೆ ಹೋಯಿತು. ಹೊರಹೋಗುವ ಗಡುವಿರುವ ಹಣ ಕೊನೆಗೆ ಕೊಳ್ಳುವವರನ್ನು ಹುಡುಕಲೇಬೇಕು.

ಶಿವಮೊಗ್ಗದಲ್ಲಿ ಹುಟ್ಟಿದ ನಿತಿನ್ ಕಾಮತ್ 2010ರಲ್ಲಿ ತಮ್ಮ ನಿಖಿಲ್ ಜೊತೆ ಜೆರೋಧಾ ಕಟ್ಟಿದರು. ಇಂದು ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಅದೊಂದು. ಹೊರಗಿನ ಹೂಡಿಕೆ ತೆಗೆದುಕೊಳ್ಳದೆಯೇ ಅಲ್ಲಿಗೆ ಮುಟ್ಟಿದೆ. ಇದು ಹೇಗೆ ಸಾಧ್ಯವಾಯಿತು? ಅವರಿಗೆ ಗೋದಾಮಿಲ್ಲ, ಉದ್ರಿಯಿಲ್ಲ. ಗಿರಾಕಿ ವಹಿವಾಟು ಮಾಡಿದ ದಿನವೇ ಶುಲ್ಕ ಕೈಸೇರುತ್ತದೆ. ಇಂಥ ವ್ಯವಹಾರದಲ್ಲಿ ಬೆಳವಣಿಗೆ ಹಣವನ್ನು ನುಂಗುವ ಬದಲು ಹಣವನ್ನು ತರುತ್ತದೆ. ಆ ಗುಣವನ್ನು ಅರಿತು ಹೊರಗಿನ ಹಣ ಬೇಡವೆಂದದ್ದು ವಿವೇಕ.

ಮೂರನೆಯದು ನಮ್ಮ ಅಡುಗೆಮನೆಗಳಿಗೆ ಬಂದ ಐಡಿ ಫ್ರೆಶ್. ಪಿ.ಸಿ. ಮುಸ್ತಫಾ ಮತ್ತವರ ಸೋದರ ಸಂಬಂಧಿಗಳು 2005ರಲ್ಲಿ ಬೆಂಗಳೂರಿನ ಅಂಗಡಿಗಳಿಗೆ ಇಡ್ಲಿ-ದೋಸೆ ಹಿಟ್ಟು ಹಾಕುವುದರಿಂದ ಆರಂಭಿಸಿದರು. ಹಿಟ್ಟು ಕೆಲವೇ ದಿನಗಳಲ್ಲಿ ಮಾರಾಟವಾಗಬೇಕು, ಆದ್ದರಿಂದ ದಾಸ್ತಾನಿನಲ್ಲಿ ಹಣ ಸಿಕ್ಕಿಕೊಳ್ಳುವುದಿಲ್ಲ. ಒಂದು ಊರಿನಲ್ಲಿ ಸ್ವಂತ ಗಳಿಕೆಯಿಂದಲೇ ಬೆಳೆಯಬಹುದು. ಆದರೆ ಹುದುಗುವ ಹಿಟ್ಟನ್ನು ದೂರ ಸಾಗಿಸಲಾಗದು. ಪ್ರತಿ ಹೊಸ ನಗರಕ್ಕೂ ಹೊಸ ಘಟಕ, ತಂಪು ವ್ಯವಸ್ಥೆಯ ವ್ಯಾನುಗಳು ಬೇಕು. ಆ ಘಟ್ಟದಲ್ಲಿ, 2014ರಲ್ಲಿ ಹೀಲಿಯನ್, 2017ರಲ್ಲಿ ಪ್ರೇಮ್‌ಜಿ ಇನ್ವೆಸ್ಟ್ ಹಣ ಹಾಕಿದವು. ಹತ್ತಿರ ಹತ್ತಿರ ಒಂಬತ್ತು ವರ್ಷ ಸ್ವಂತ ಕಾಲಮೇಲೆ ನಿಂತು, ಕೊಂಡವರು ಮತ್ತೆ ಕೊಳ್ಳುತ್ತಾರೆಂಬುದು ಖಚಿತವಾದ ನಂತರ ಪಾಲು ಕೊಟ್ಟದ್ದು ಇಲ್ಲಿನ ಪಾಠ.

ಹೊಂದಿಕೆ ತಪ್ಪಿದ ಕಥೆಯನ್ನೂ ಹೇಳಬೇಕು. ಆನ್‌ಲೈನ್ ಪಾಠಗಳ ಕಂಪನಿ ಬೈಜೂಸ್‌ನ ಬೆಲೆ 2022ರಲ್ಲಿ 2,200 ಕೋಟಿ ಡಾಲರ್ ಎಂದು ಹೂಡಿಕೆದಾರರು ಎಣಿಸಿದ್ದರು. 2021ರಲ್ಲಿ ಅದು ಒಂದರ ಹಿಂದೊಂದು ಕಂಪನಿಗಳನ್ನು ಕೊಂಡಿತು. ಅದೇ ವರ್ಷ ಅಮೆರಿಕದಲ್ಲಿ 120 ಕೋಟಿ ಡಾಲರ್ ಸಾಲ ಎತ್ತಿತು. ಪಾಲಿನ ಹಣ ಕಾಯುತ್ತದೆ, ಸಾಲ ಕಾಯುವುದಿಲ್ಲ. ಸಾಲದಾತರೊಂದಿಗಿನ ವಿವಾದ ಅಮೆರಿಕದ ನ್ಯಾಯಾಲಯಗಳಿಗೆ ಹೋಯಿತು. 2024ರ ಜುಲೈನಲ್ಲಿ ಕಂಪನಿ ಕಾನೂನು ನ್ಯಾಯಮಂಡಳಿ ಎನ್‌ಸಿಎಲ್‌ಟಿಯ ಬೆಂಗಳೂರು ಪೀಠ ಕಂಪನಿಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಅದನ್ನು ಕೋರಿದ ಅರ್ಜಿಗೆ ಕಾರಣವಾದದ್ದು ಬೇರೊಬ್ಬರಿಗಿದ್ದ ಸುಮಾರು 159 ಕೋಟಿ ರೂಪಾಯಿಯ ಬಾಕಿ. ಕೆಲಸ ಕಳೆದುಕೊಂಡ ಸಾವಿರಾರು ನೌಕರರನ್ನು ನೆನೆದರೆ, ಬಂಡವಾಳದ ಹೊಂದಿಕೆ ಎಂಬುದು ಹಣಕಾಸು ತಜ್ಞರಿಗಷ್ಟೇ ಸಂಬಂಧಿಸಿದ ವಿಷಯವಲ್ಲ ಎಂದು ತಿಳಿಯುತ್ತದೆ.

ಸಹಿ ಹಾಕುವ ಮೊದಲು

ವಿದ್ಯಾರ್ಥಿಗಳು ಎರಡು ಲೆಕ್ಕಗಳನ್ನು ಕಲಿತಿರಬೇಕು. ಒಂದು, ಪಾಲು ಕರಗುವ ಲೆಕ್ಕ. ಸ್ಥಾಪಕರು ಮೊದಲ ಸುತ್ತಿನಲ್ಲಿ ಶೇಕಡಾ 15, ಎರಡನೆಯದರಲ್ಲಿ 20, ಮೂರನೆಯದರಲ್ಲಿ ಮತ್ತೆ 20, ನೌಕರರ ಷೇರು ಯೋಜನೆಗೆ 10 ಕೊಟ್ಟರೆ ಉಳಿಯುವುದು 49ಕ್ಕೂ ಸ್ವಲ್ಪ ಕಡಿಮೆ. ಯಾವ ಒಂದು ಸುತ್ತಿನಲ್ಲೂ ಕಂಪನಿ ಕೈತಪ್ಪಿದಂತೆ ಕಾಣುವುದಿಲ್ಲ. ನಾಲ್ಕೂ ಮುಗಿದಾಗ ಬಹುಮತ ಹೋಗಿರುತ್ತದೆ.

ಎರಡು, ಮಾರಾಟದಲ್ಲಿ ಮೊದಲ ಹಕ್ಕಿನ ಲೆಕ್ಕ. ನಮ್ಮಲ್ಲಿ ಹೂಡಿಕೆದಾರರು ಸಾಮಾನ್ಯವಾಗಿ ಪಡೆಯುವುದು ಕಡ್ಡಾಯವಾಗಿ ಪರಿವರ್ತನೆಗೊಳ್ಳುವ ಆದ್ಯತಾ ಷೇರು. ಅವರು 40 ಕೋಟಿ ಹಾಕಿ ಶೇಕಡಾ 40 ಪಾಲು ಪಡೆದಿದ್ದಾರೆ ಎನ್ನಿ. ಕಂಪನಿ ಎಣಿಸಿದಷ್ಟು ಬೆಳೆಯದೆ 50 ಕೋಟಿಗೆ ಮಾರಾಟವಾಯಿತು. ಶೇಕಡಾ 60 ಪಾಲಿರುವ ತಮಗೆ 30 ಕೋಟಿ ಬರುತ್ತದೆಂದು ಸ್ಥಾಪಕರು ತಿಳಿದಿರುತ್ತಾರೆ. ಹಾಕಿದ ಮೊತ್ತ ಮೊದಲು ತಮಗೇ ಬರಬೇಕೆಂಬ ಷರತ್ತು ಒಪ್ಪಂದದಲ್ಲಿದ್ದರೆ ಹೂಡಿಕೆದಾರರು 40 ಕೋಟಿ ಎತ್ತಿಕೊಳ್ಳುತ್ತಾರೆ; ಉಳಿದವರಿಗೆ 10 ಕೋಟಿ. ಈ ಷರತ್ತು ಅನ್ಯಾಯದ್ದೇನಲ್ಲ, ಅಪಾಯ ಹೊತ್ತವರ ರಕ್ಷಣೆ ಅದು. ಆದರೆ ಹಣ ಬಂದ ದಿನ ಪತ್ರಿಕೆಯಲ್ಲಿ ಬರುವ ಬೆಲೆ ಸ್ಥಾಪಕರ ಸಂಪತ್ತಲ್ಲ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿದಿರಬೇಕು.

ಉಳಿದ ಮೂಲಗಳು

ಗೋಕುಲ ರಸ್ತೆಯ ಕಾರ್ಖಾನೆಗೆ ಹಿಂದಿರುಗೋಣ. ಅದಕ್ಕೆ ಪಾಲು ಮಾರುವ ಅಗತ್ಯವೇ ಇಲ್ಲ. ಅದರ ಮೊದಲ ಮೂಲ ಗಿರಾಕಿ. ಆರ್ಡರ್ ಜೊತೆ ಶೇಕಡಾ 30 ಮುಂಗಡ ಕೇಳುವ ಧೈರ್ಯವೇ ಬಡ್ಡಿಯಿಲ್ಲದ ಬಂಡವಾಳ. ಎರಡನೆಯದು ಕಾನೂನು. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಪಾವತಿಸಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮೂರನೆಯದು ಟ್ರೆಡ್ಸ್. ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಈ ವಿದ್ಯುನ್ಮಾನ ವೇದಿಕೆಗಳಲ್ಲಿ, ಕೊಂಡ ಕಂಪನಿ ಬಿಲ್ಲನ್ನು ಒಪ್ಪಿದ ಕೂಡಲೇ ಬ್ಯಾಂಕುಗಳು ಪೈಪೋಟಿಯಲ್ಲಿ ದರ ಹೇಳಿ ಹಣ ಕೊಡುತ್ತವೆ. ಅಲ್ಲಿ ಲೆಕ್ಕಕ್ಕೆ ಬರುವುದು ಕೊಂಡ ದೊಡ್ಡ ಕಂಪನಿಯ ಯೋಗ್ಯತೆ. ಸಣ್ಣವನ ಮನೆಪತ್ರ ಯಾರೂ ಕೇಳುವುದಿಲ್ಲ. 90 ದಿನದ ಕಾಯುವಿಕೆ 10 ದಿನಕ್ಕೆ ಇಳಿದರೆ ನಮ್ಮ ಕಾರ್ಖಾನೆಯಲ್ಲಿ ಸಿಕ್ಕಿಕೊಂಡ 72 ಲಕ್ಷ 24 ಲಕ್ಷಕ್ಕೆ ಇಳಿಯುತ್ತದೆ. ಒಂದು ಷೇರನ್ನೂ ಮಾರದೆ 48 ಲಕ್ಷ ಬಂಡವಾಳ ಸಿಕ್ಕಂತೆ.

ಯಂತ್ರಕ್ಕೆ, ಕಟ್ಟಡಕ್ಕೆ ಅವಧಿ ಸಾಲ ಇದೆ. 1959ರಿಂದ ರಾಜ್ಯದ ಹಣಕಾಸು ನಿಗಮ ಕೆಎಸ್‌ಎಫ್‌ಸಿ ಮಾಡುತ್ತ ಬಂದದ್ದು ಈ ಕೆಲಸವನ್ನೇ. ಅಡಮಾನವಿಲ್ಲದವರಿಗೆ 2000ನೇ ಇಸವಿಯಿಂದ ಸಿಜಿಟಿಎಂಎಸ್‌ಇ ಎಂಬ ಟ್ರಸ್ಟಿನ ಸಾಲ ಖಾತರಿಯಿದೆ. ಈಗಾಗಲೇ ಸಾಹಸ ಬಂಡವಾಳ ಪಡೆದವರು ಮುಂದಿನ ಸುತ್ತಿನವರೆಗೆ ಪಾಲು ಉಳಿಸಿಕೊಳ್ಳಲು ವೆಂಚರ್ ಸಾಲ ಪಡೆಯಬಹುದು. ಆದಾಯ ಖಚಿತವಿಲ್ಲದವರು ಅದರ ಹತ್ತಿರ ಹೋಗಬಾರದು. ಪ್ರಯೋಗಾಲಯದ ಹಂತದಲ್ಲಿರುವವರಿಗೆ ಕೇಂದ್ರದ ಜೈವಿಕ ತಂತ್ರಜ್ಞಾನ ನೆರವು ಸಂಸ್ಥೆ ಬೈರಾಕ್ ಮತ್ತು ನಮ್ಮ ರಾಜ್ಯದ ಎಲಿವೇಟ್ ಯೋಜನೆ 50 ಲಕ್ಷದವರೆಗೆ ಅನುದಾನ ಕೊಡುತ್ತವೆ. ವಿಫಲವಾಗುವ ಸಾಧ್ಯತೆ ತೀರಾ ಹೆಚ್ಚಿರುವ ಆ ಹಂತಕ್ಕೆ ಅನುದಾನವೇ ಸರಿಯಾದ ಹಣ. ಮಧ್ಯಮ ಗಾತ್ರಕ್ಕೆ ಬೆಳೆದವರಿಗೆ 2012ರಿಂದ ಮುಂಬೈನ ಎರಡೂ ಷೇರುಪೇಟೆಗಳಲ್ಲಿ ಸಣ್ಣ ಉದ್ಯಮಗಳ ಪ್ರತ್ಯೇಕ ವೇದಿಕೆಯಿದೆ.

ಉಡುಪಿ ಕಲಿಸುವ ಪಾಠ

ಉದ್ಯಮಕ್ಕೆ ಹಣ ಒದಗಿಸುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಲುಕಿದ್ದಾಗ, ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ.ಎಂ.ಎ. ಪೈ ಸೇರಿ 8,000 ರೂಪಾಯಿ ಬಂಡವಾಳದಿಂದ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕಟ್ಟಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಆರಂಭಿಸಿದರು. ಏಜೆಂಟರು ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಉಳಿತಾಯವನ್ನೂ ಸಂಗ್ರಹಿಸಿದರು. ಅವಿಭಜಿತ ದಕ್ಷಿಣ ಕನ್ನಡ ಒಂದರಲ್ಲೇ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳೂ ಹುಟ್ಟಿದವು.

ಇವರ ಶಕ್ತಿ ಇದ್ದದ್ದು ಸಾಮೀಪ್ಯದಲ್ಲಿ. ಪಿಗ್ಮಿ ಏಜೆಂಟನಿಗೆ ಯಾವ ಅಂಗಡಿಯ ಗಲ್ಲೆ ತುಂಬುತ್ತದೆ, ಯಾವ ಮನೆಯವರು ಕೊಟ್ಟ ಮಾತಿಗೆ ನಡೆಯುತ್ತಾರೆ ಎಂಬುದು ದಿನದಿನವೂ ಗೊತ್ತಾಗುತ್ತಿತ್ತು. ಆ ತಿಳಿವಳಿಕೆಯೇ ಅಡಮಾನದ ಜಾಗದಲ್ಲಿ ನಿಂತಿತು. ಇಂದು ನಮ್ಮ ದೊಡ್ಡ ಸ್ಟಾರ್ಟಪ್‌ಗಳಿಗೆ ಬಂದಿರುವ ಹಣದಲ್ಲಿ ಸಿಂಹಪಾಲು ವಿದೇಶದ್ದು. ಅದು ಬೆಂಗಳೂರಿನ ಹೊರವರ್ತುಲ ರಸ್ತೆಯನ್ನು ದಾಟಿ ಬರುವುದು ಅಪರೂಪ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿ, ಪೀಣ್ಯದ ಬಿಡಿಭಾಗಗಳ ಕಾರ್ಖಾನೆ, ವರ್ಷಕ್ಕೆ ಶೇಕಡಾ 25ರಂತೆ ಬೆಳೆಯಬಲ್ಲ ಆ ನೂರಾರು ಘಟಕಗಳು ಸಾಹಸ ಬಂಡವಾಳಕ್ಕೆ ಚಿಕ್ಕವು, ಬ್ಯಾಂಕಿಗೆ ಅಪಾಯದವು. ಇವೆರಡರ ನಡುವಿನ ಈ ಜಾಗವೇ ನಮ್ಮ ನಾಡಿನ ದೊಡ್ಡ ಕೊರತೆ ಎಂದು ನಾನು ನಂಬಿದ್ದೇನೆ.

ಆಗಬೇಕಾದ ಕೆಲಸ

ಮೂರು ಕೆಲಸಗಳನ್ನು ಈ ವೇದಿಕೆಯಿಂದ ಒತ್ತಿ ಹೇಳುತ್ತೇನೆ. ಮೊದಲನೆಯದು, ರಾಜ್ಯದ ಇಲಾಖೆಗಳು ಮತ್ತು ನಿಗಮಗಳು ಸಣ್ಣ ಉದ್ಯಮಗಳ ಬಿಲ್ಲುಗಳನ್ನು 45 ದಿನದೊಳಗೆ ಪಾವತಿಸಲಿ. ಯಾವ ಹೊಸ ನಿಧಿಯೂ ಇಷ್ಟು ಬೇಗ, ಇಷ್ಟು ಅಗ್ಗವಾಗಿ ಬಂಡವಾಳ ಒದಗಿಸಲಾರದು.

ಎರಡನೆಯದು, ಅವಸರವಿಲ್ಲದ ಸ್ಥಳೀಯ ಹಣ. ಅಮೆರಿಕದಲ್ಲಿ ಪಿಂಚಣಿ ನಿಧಿಗಳ ಒಂದು ಸಣ್ಣ ಅಂಶ ಮಾಡಿದ ಕೆಲಸವನ್ನು ಹಿಂದೆ ಹೇಳಿದೆ. 2016ರಲ್ಲಿ ಕೇಂದ್ರ ಸರ್ಕಾರ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ಬ್ಯಾಂಕ್ ಸಿಡ್ಬಿ ಮೂಲಕ 10,000 ಕೋಟಿ ರೂಪಾಯಿಯ ನಿಧಿಗಳ ನಿಧಿಯನ್ನು, ಅಂದರೆ ಸಾಹಸ ನಿಧಿಗಳಿಗೆ ಹಣ ಕೊಡುವ ನಿಧಿಯನ್ನು, ಘೋಷಿಸಿದ್ದು ಸರಿಯಾದ ಹೆಜ್ಜೆ. ಅದೇ ಮಾದರಿಯಲ್ಲಿ ಮಂಗಳೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ನೆಲೆಸಿದ, ಹತ್ತು ವರ್ಷದ ಬದಲು ಹದಿನೈದು ವರ್ಷ ಕಾಯಬಲ್ಲ, ಐದು ಪಟ್ಟು ಬೆಳೆಯುವ ಉದ್ಯಮದಿಂದ ತೃಪ್ತಿಪಡುವ ನಿಧಿಗಳು ಬರಬೇಕು. ಅವುಗಳನ್ನು ನಡೆಸುವವರು ಆಯಾ ಊರಿನ ಕಾರ್ಖಾನೆಗಳ ಒಳಹೊರಗನ್ನು ಬಲ್ಲವರಾಗಿರಬೇಕು.

ಮೂರನೆಯದು ಈ ಕಾಲೇಜಿನಂಥ ಸಂಸ್ಥೆಗಳ ಕೆಲಸ. ಹೂಡಿಕೆ ಒಪ್ಪಂದಗಳು ಇಂಗ್ಲಿಷಿನಲ್ಲಿರುತ್ತವೆ, ಐವತ್ತು ಅರವತ್ತು ಪುಟ ಇರುತ್ತವೆ. ಅವುಗಳ ಪ್ರತಿ ಷರತ್ತನ್ನೂ ಉದಾಹರಣೆಯ ಲೆಕ್ಕದೊಂದಿಗೆ ವಿವರಿಸುವ ಕೈಪಿಡಿಯನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು ಕನ್ನಡದಲ್ಲಿ ಸಿದ್ಧಪಡಿಸಲಿ. ರಾಯಚೂರಿನ ಅಥವಾ ಸಿರಸಿಯ ಉದ್ಯಮಿಯೊಬ್ಬರು ತಮ್ಮ ಜೀವಮಾನದ ದುಡಿಮೆಯ ಪಾಲನ್ನು ಬರೆದುಕೊಡುವಾಗ ಅರ್ಥಮಾಡಿಕೊಂಡೇ ಸಹಿ ಹಾಕುವಂತಾಗಬೇಕು.

ಉದ್ಯಮ ಕಟ್ಟಲು ಹೊರಟಿರುವ ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಮಾತು. ಹಣ ಕೇಳಲು ಹೋಗುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಿ. ನನ್ನ ವ್ಯವಹಾರದಲ್ಲಿ ಹಾಕಿದ ಹಣ ಎಷ್ಟು ದಿನಕ್ಕೆ ಹಿಂದಿರುಗುತ್ತದೆ? ಸೋತರೆ ಯಾರ ಉಳಿತಾಯ ಮುಳುಗುತ್ತದೆ? ಗೆದ್ದರೆ ಹತ್ತು ವರ್ಷದ ನಂತರ ಈ ಕಂಪನಿ ಯಾರ ಕೈಯಲ್ಲಿರಬೇಕು? ಮೊದಲೆರಡಕ್ಕೆ ಲೆಕ್ಕಿಗರು ನೆರವಾಗಬಲ್ಲರು. ಮೂರನೆಯದನ್ನು ನೀವೇ ತೀರ್ಮಾನಿಸಬೇಕು, ಅದೂ ಮೊದಲ ರೂಪಾಯಿ ಕೈಗೆ ಬರುವ ಮುನ್ನ. ಆ ಮೂರು ಉತ್ತರಗಳೂ ಸ್ಪಷ್ಟವಾಗಿದ್ದರೆ ಯಾವ ಬಾಗಿಲು ತಟ್ಟಬೇಕು, ಯಾವ ಬಾಗಿಲಿನಿಂದ ದೂರ ಉಳಿಯಬೇಕು ಎಂಬುದು ನಿಮಗೇ ತಿಳಿಯುತ್ತದೆ.